ಎರಡು ಲೀಟರ್ ಧೈರ್ಯ

ಲಾಂಗ್ ರೈಡ್‌ಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಒಂದು ತಪಾಸಣೆ ನಡೆಯುತ್ತೆ. ರೈನ್‌ಕೋಟು, ಪಂಕ್ಚರ್ ಕಿಟ್ಟು, ಚಾರ್ಜರ್, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಎಲ್ಲ ಮಂಚದ ಮೇಲೆ ಹರಡಿರುತ್ತೆ. ಅಮ್ಮ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕಣ್ಣಲ್ಲೇ ಎಣಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳ್ತಾಳೆ: "ಬಾಟ್ಲಿ ಇಲ್ಲ ತಾನೇ?"

ಹೊರಗಿನವರು ಕೇಳಿಸಿಕೊಂಡರೆ ಬೇರೇನೋ ಬಾಟ್ಲಿ ಅನ್ಕೋಬಹುದು. ಅಮ್ಮ ಕೇಳೋದು ಪೆಟ್ರೋಲ್ ಬಾಟ್ಲಿ ಬಗ್ಗೆ. ಆ ಪ್ರಶ್ನೆ ನಮ್ಮ ಮನೆಗೆ ಹೇಗೆ ಬಂತು ಅನ್ನೋದನ್ನ ಇವತ್ತು ಹೇಳಿಬಿಡ್ತೀನಿ. ಯಾಕಂದ್ರೆ ವೀಕೆಂಡ್ ಬಂತು ಅಂದ್ರೆ ನನ್ನ ವಯಸ್ಸಿನ ಅರ್ಧ ಬೆಂಗಳೂರು ಘಟ್ಟದ ಕಡೆ ಗಾಡಿ ತಿರುಗಿಸುತ್ತೆ. ಅದರಲ್ಲಿ ಎಷ್ಟೋ ಬ್ಯಾಗುಗಳಲ್ಲಿ "ಇರಲಿ, ಬೇಕಾಗುತ್ತೆ" ಅಂತ ಒಂದು ಬಾಟ್ಲಿ ಕೂತಿರುತ್ತೆ.

ಚನ್ನರಾಯಪಟ್ಟಣದ ಹತ್ತಿರದ ಟೀ ಅಂಗಡಿ

ಎರಡು ವರ್ಷದ ಹಿಂದೆ, ಸೆಪ್ಟೆಂಬರ್‌ನ ಒಂದು ಶನಿವಾರ. ಶ್ರೀಗಂಧದ ಕಾವಲ್‌ನಿಂದ ಕಳಸಕ್ಕೆ ಹೊರಟಿದ್ದೆವು. ನಾನು, ಕಾಲೇಜು ದಿನಗಳ ಗೆಳೆಯ, ಎರಡು ಗಾಡಿ. ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆ ಹಿಡಿದು ಮಾಗಡಿ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ. ಆಮೇಲೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಹೆಚ್ಚುಕಡಿಮೆ 320 ಕಿಲೋಮೀಟರ್.

ಹಿಂದಿನ ಸಂಜೆ ಬಂಕಿಗೆ ಹೋಗಿ ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟ್ಲಿ ಮುಂದೆ ಹಿಡಿದಾಗ, ಅಲ್ಲಿನ ಹುಡುಗ "ಬಾಟ್ಲಿಗೆ ಹಾಕಲ್ಲ ಸಾರ್" ಅಂದುಬಿಟ್ಟ. ನಮಗೆ ಕೋಪ ಬಂತು. ಗೆಳೆಯ "ಬಿಡು ಮಗಾ, ನನ್ ಟ್ಯಾಂಕಿಂದ ತೆಗೆಯೋಣ" ಅಂತ ಒಂದು ಪೈಪ್ ಹಾಕಿ, ಬಾಯಿಂದ ಎಳೆದು, ಒಂದು ಗುಟುಕು ಗಂಟಲಿಗೆ ಹೋಗಿ, ಹತ್ತು ನಿಮಿಷ ಕೆಮ್ಮಿ, ಅಂತೂ ಬಾಟ್ಲಿ ತುಂಬಿಸಿದ. ಕಂಠಪೂರ್ತಿ ತುಂಬಿಸಿದ. ಒಂದು ಹನಿಯೂ ನಷ್ಟ ಆಗಬಾರದು ನೋಡಿ! ಅದನ್ನ ನನ್ನ ಗಾಡಿಯ ಕರೀ ಸೈಡ್ ಬ್ಯಾಗಿನಲ್ಲಿ ಬಟ್ಟೆಗಳ ಮಧ್ಯೆ ಇಟ್ಟೆವು. ಬಟ್ಟೆ ಮೆತ್ತಗಿರುತ್ತಲ್ಲ, ಅದಕ್ಕೆ.

ಬೆಳಗ್ಗೆ ಐದೂವರೆಗೆ ಹೊರಟಾಗ ಚಳಿ. ಮಾಗಡಿಯಲ್ಲಿ ತಿಂಡಿ, ಅಲ್ಲಲ್ಲಿ ಫೋಟೋ, ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ದರ್ಶನ ಅಂತ ಮುಗಿಸಿ ಚನ್ನರಾಯಪಟ್ಟಣದ ಹತ್ತಿರ ಬರುವಾಗ ಬಿಸಿಲು ನೆತ್ತಿಗೇರಿತ್ತು. ರಸ್ತೆ ಪಕ್ಕದ ಟೀ ಅಂಗಡಿ ಎದುರು ಗಾಡಿ ನಿಲ್ಲಿಸಿದೆ. ಎಡಗಡೆ ಪ್ಯಾಂಟು ತೊಡೆ ಹತ್ತಿರ ಒದ್ದೆ ಅನ್ನಿಸ್ತು, ಉರೀತಾನೂ ಇತ್ತು. ಬೆವರು ಅನ್ಕೊಂಡೆ. ಅಷ್ಟರಲ್ಲಿ ಒಳಗಿಂದ ಅಂಗಡಿಯ ಅಮ್ಮ ಕೂಗಿದರು: "ಏನಪ್ಪಾ ಅದು ಸೋರ್ತಿರೋದು? ಒಲೆ ಉರೀತೈತೆ ಇಲ್ಲಿ! ಮೊದ್ಲು ಗಾಡಿ ತಳ್ಕೊಂಡ್ ಆಚೆ ಹೋಗ್ರಪ್ಪಾ!"

ಬ್ಯಾಗಿನ ತಳದಿಂದ ಹನಿಹನಿಯಾಗಿ ಪೆಟ್ರೋಲ್ ಬೀಳ್ತಿತ್ತು. ಅಂಗಡಿಯ ಗ್ಯಾಸ್ ಒಲೆಗೂ ನಮಗೂ ಹತ್ತು ಹೆಜ್ಜೆ ದೂರ. ಬೆಂಚಿನ ಮೇಲೆ ಕೂತಿದ್ದ ಒಬ್ಬರು ಬೀಡಿ ಹಚ್ಚೋಕೆ ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಿದ್ದವರು ಹಾಗೇ ಜೇಬಿಗೆ ಇಟ್ಟುಕೊಂಡರು. ನಾವು ಗಾಡಿ ತಳ್ಳಿಕೊಂಡು ಐವತ್ತು ಹೆಜ್ಜೆ ಆಚೆ ಹೋಗಿ ಬ್ಯಾಗು ಬಿಚ್ಚಿದೆವು. ಬಾಟ್ಲಿ ಉಬ್ಬಿಕೊಂಡಿತ್ತು. ಮುಚ್ಚಳದ ಸುತ್ತ ಒದ್ದೆ. ಬಟ್ಟೆಯೆಲ್ಲ ಪೆಟ್ರೋಲ್ ಕುಡಿದಿತ್ತು. ಸೈಲೆನ್ಸರ್ ಇರೋದು ಬಲಗಡೆ, ಬಾಟ್ಲಿ ಇದ್ದ ಬ್ಯಾಗು ಎಡಗಡೆ. ಅದನ್ನ ನಾವು ಯೋಚನೆ ಮಾಡಿ ಇಟ್ಟಿದ್ದಲ್ಲ, ಹಾಗೇ ಆಗಿದ್ದು. ಬಲಗಡೆ ಇಟ್ಟಿದ್ದರೆ ಈ ಅಂಕಣ ಬರೆಯೋಕೆ ನಾನು ಇರ್ತಿದ್ನೋ ಇಲ್ವೋ.

ಬಾಟ್ಲಿಯೊಳಗೆ ಆಗಿದ್ದೇನು?

ವಾಪಸ್ ಬಂದಮೇಲೆ ಲೆಕ್ಕ ಹಾಕಿದೆ. ಪೆಟ್ರೋಲ್ ಬಿಸಿಯಾದಾಗ ಹಿಗ್ಗುತ್ತೆ. 10 ಡಿಗ್ರಿ ಬಿಸಿ ಏರಿದರೆ ಸುಮಾರು ಶೇ. 1ರಷ್ಟು. ಬೆಳಗ್ಗೆ 20 ಡಿಗ್ರಿ ಇದ್ದದ್ದು ಬಿಸಿಲಲ್ಲಿ ಕಾದ ಕರೀ ಬ್ಯಾಗಿನೊಳಗೆ 40 ಆಯ್ತು ಅಂತಿಟ್ಕೊಳ್ಳಿ. ಎರಡು ಲೀಟರ್ ಪೆಟ್ರೋಲ್ 40 ಮಿಲಿಲೀಟರ್ ಹೆಚ್ಚಾಯ್ತು. ಕಂಠಪೂರ್ತಿ ತುಂಬಿಸಿದ ಬಾಟ್ಲಿಯಲ್ಲಿ ಆ 40 ಮಿಲಿಗೆ ಜಾಗ ಎಲ್ಲಿದೆ? ಜೊತೆಗೆ ಆವಿಯ ಒತ್ತಡ. 38 ಡಿಗ್ರಿ ಬಿಸಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಅರ್ಧ ವಾಯುಮಂಡಲದಷ್ಟು ಒತ್ತಡ ಹಾಕುತ್ತೆ. ಕೂಲ್‌ಡ್ರಿಂಕ್ಸ್ ಬಾಟ್ಲಿ ಗ್ಯಾಸಿನ ಒತ್ತಡ ತಡೆಯುತ್ತೆ, ನಿಜ. ಆದರೆ ಅದರ ಮುಚ್ಚಳ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ. ಬಿಸಿ, ಅಲುಗಾಟ, ಒತ್ತಡ ಮೂರೂ ಸೇರಿದರೆ ಮುಚ್ಚಳ ಸಡಿಲವಾಗುತ್ತೆ.

ಎರಡನೇ ಸಂಗತಿ ಇನ್ನೂ ಮುಖ್ಯ. ಉರಿಯೋದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗಲ್ಲ, ನೀರಿನ ಹಾಗೆ ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತೆ. ಗಾಳಿಯಲ್ಲಿ ಶೇ. 1.4ರಷ್ಟು ಸೇರಿದರೆ ಸಾಕು, ಕಿಡಿ ತಗುಲಿದ ಕೂಡಲೇ ಹೊತ್ತಿಕೊಳ್ಳುತ್ತೆ. ಅಂದ್ರೆ ಬಾಟ್ಲಿ ಇಲ್ಲಿದ್ದರೂ ಬೆಂಕಿ ಶುರುವಾಗೋದು ಅಲ್ಲಿ, ಒಲೆ ಹತ್ತಿರ. ಅಲ್ಲಿಂದ ಆವಿಯ ಜಾಡು ಹಿಡಿದು ವಾಪಸ್ ಬಾಟ್ಲಿಗೆ ಬರುತ್ತೆ. ಟೀ ಅಂಗಡಿಯ ಅಮ್ಮನಿಗೆ ಈ ಲೆಕ್ಕ ಯಾವುದೂ ಗೊತ್ತಿರಲಿಲ್ಲ. ಆದರೆ ಇಂಜಿನಿಯರಿಂಗ್ ಓದಿದ ನಮ್ಮಿಬ್ಬರಿಗಿಂತ ಅವರಿಗೆ ಮೊದಲು ವಾಸನೆ ಬಂತು.

ಅಷ್ಟಾದರೂ ಬುದ್ಧಿ ಬಂತಾ? ಇಲ್ಲ. ಉಳಿದ ಪೆಟ್ರೋಲನ್ನ ಅಲ್ಲೇ ಟ್ಯಾಂಕಿಗೆ ಸುರಿದಿದ್ದರೆ ಕಥೆ ಮುಗೀತಿತ್ತು. "ಘಾಟಿಯಲ್ಲಿ ಬೇಕಾಗುತ್ತೆ ಮಗಾ" ಅಂದ ಗೆಳೆಯ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಕವರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮತ್ತೆ ಬ್ಯಾಗಿಗೆ ಇಟ್ಟೆವು. ಕಳಸಕ್ಕೆ ಹೋಗಿ, ಎರಡು ದಿನ ಸುತ್ತಾಡಿ, ಬೆಂಗಳೂರಿಗೆ ಬಂದೆವು. ಬಾಟ್ಲಿ ಒಂದು ಸಲವೂ ಬೇಕಾಗಲಿಲ್ಲ.

ಬೇಕಾಗೋದು ಸಾಧ್ಯವೇ ಇರಲಿಲ್ಲ ಅನ್ನೋದು ನಾಚಿಕೆಯ ವಿಷಯ. ನನ್ನ ಗಾಡಿಯ ಟ್ಯಾಂಕು 13 ಲೀಟರ್. ಹೈವೇಯಲ್ಲಿ ಲೀಟರಿಗೆ 32 ಕಿಲೋಮೀಟರ್ ಕೊಡುತ್ತೆ. 416 ಕಿಲೋಮೀಟರ್ ಆಯ್ತು. ಹೋಗಬೇಕಾಗಿದ್ದು 320. ದಾರಿಯುದ್ದಕ್ಕೂ ಊರಿಗೊಂದು ಬಂಕ್. ಹಾಗಾದ್ರೆ ಆ ಎರಡು ಲೀಟರ್ ಯಾಕೆ ಹೊತ್ತುಕೊಂಡು ಹೋದೆ? ಧೈರ್ಯಕ್ಕೆ ಅನ್ಕೊಂಡಿದ್ದೆ. ಹೊತ್ತುಕೊಂಡು ಹೋಗಿದ್ದು ನನ್ನ ಭಯವನ್ನ.

ಮೆಟ್ಟಿಲ ಕೆಳಗೆ

ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಶ್ರೀಗಂಧದ ಕಾವಲ್‌ನ ನಮ್ಮ ಗಲ್ಲಿಯಲ್ಲಿ ಎಲ್ಲ ಮನೆಗಳೂ ಒಂದೇ ಥರ. ಮೆಟ್ಟಿಲ ಕೆಳಗೆ ಗಾಡಿಗಳು, ಚಪ್ಪಲಿ ಸ್ಟ್ಯಾಂಡು, ಕರೆಂಟಿನ ಮೀಟರ್ ಬೋರ್ಡು, ಸಂಪಿನ ಮುಚ್ಚಳ, ಮೋಟರ್ ಸ್ವಿಚ್ಚು ಎಲ್ಲ ಅಲ್ಲೇ. ರೈಡ್ ಮುಗಿಸಿ ಬಂದ ರಾತ್ರಿ ಸುಸ್ತಾಗಿತ್ತು. ಒಂದೂವರೆ ಲೀಟರ್ ಉಳಿದಿದ್ದ ಬಾಟ್ಲಿಯನ್ನ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇಟ್ಟು ಮೇಲೆ ಹೋದೆ. ನಾಳೆ ಟ್ಯಾಂಕಿಗೆ ಹಾಕಿದ್ರಾಯ್ತು ಅಂತ. ಆ ನಾಳೆ ಬರಲಿಲ್ಲ.

ಆಯುಧಪೂಜೆಗೆ ಮೂರು ದಿನ ಇತ್ತು. ಗೇಟಿಗೆ ಹೊಸ ಬಣ್ಣ ಹೊಡೆಸಿದ್ದರು. ಗಾಡಿ ನಿಲ್ಲಿಸೋ ಜಾಗದಲ್ಲಿ ಬಣ್ಣದ ಹನಿ ಬಿದ್ದಿದ್ದವು. ಹಬ್ಬಕ್ಕೆ ಅಲ್ಲೇ ಗಾಡಿಗೆ ಪೂಜೆ ಮಾಡಬೇಕಲ್ಲ, ನೆಲ ಚೊಕ್ಕಟ ಇರಲಿ ಅಂತ ಅಮ್ಮ ಉಜ್ಜೋಕೆ ಕೂತಳು. ಚಪ್ಪಲಿ ಸ್ಟ್ಯಾಂಡ್ ಸರಿಸಿದಾಗ ಬಾಟ್ಲಿ ಸಿಕ್ತು. ಸೀಮೆಎಣ್ಣೆ ಅನ್ಕೊಂಡಳು. ಬಟ್ಟೆಗೆ ಸುರಿದು ಉಜ್ಜಿದಳು. ಬಣ್ಣ ಹೋಗ್ತಿದೆ ಅಂತ ನೆಲದ ಮೇಲೂ ಧಾರಾಳವಾಗಿ ಸುರಿದಳು.

ಅಷ್ಟರಲ್ಲಿ ಮೇಲಿಂದ ಓನರ್ ಆಂಟಿ ಕೂಗಿದರು: "ಟ್ಯಾಂಕ್ ಖಾಲಿಯಾಗಿದೆ, ಕೆಳಗಿದ್ದೀರಲ್ಲ, ಹಾಗೇ ಮೋಟರ್ ಹಾಕಿಬಿಡ್ರೀ."

ಮೋಟರ್ ಸ್ವಿಚ್ಚು ಅಮ್ಮನ ತಲೆ ಮೇಲೇ ಇತ್ತು. ಎದ್ದು ನಿಂತಳು. ಘಾಟಿಗೆ ತಲೆ ಸುತ್ತಿತು. ಸ್ವಿಚ್ಚು ಹಾಕೋಕೆ ಮುಂಚೆ ಒಂದು ಉಸಿರು ಗಾಳಿ ಬೇಕು ಅಂತ ಗೇಟಿನ ಆಚೆ ಬಂದಳು. ಅದೇ ಹೊತ್ತಿಗೆ ಹಾಲಿನ ಪ್ಯಾಕೆಟ್ ಹಿಡಿದು ಓನರ್ ಅಂಕಲ್ ಬಂದರು. ಪೀಣ್ಯದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಗೇಟಿನ ಹತ್ತಿರವೇ ಅವರ ಮೂಗಿಗೆ ಗೊತ್ತಾಯ್ತು. "ಯಾರೂ ಸ್ವಿಚ್ ಮುಟ್ಬೇಡಿ. ಆನೂ ಮಾಡ್ಬೇಡಿ, ಆಫೂ ಮಾಡ್ಬೇಡಿ" ಅಂದರು. ಮೇಲಿದ್ದವರಿಗೆ ಕೆಳಗೆ ಬರಬೇಡಿ ಅಂದರು. ಗೇಟು ಎರಡೂ ಕಡೆ ತೆಗೆದು, ಪಕ್ಕದ ಸೈಟಿನಿಂದ ಎರಡು ಬಕೆಟ್ ಒಣಮಣ್ಣು ತಂದು ನೆಲದ ಮೇಲೆ ಸುರಿದರು. ಒದ್ದೆ ಬಟ್ಟೆಯನ್ನ ಆಚೆ ಖಾಲಿ ಸೈಟಿನಲ್ಲಿ ಹರಡಿಸಿದರು. ಎರಡು ಗಂಟೆ ಯಾರೂ ಮೋಟರ್ ಹಾಕಲಿಲ್ಲ.

ಏನೂ ಆಗಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನೆಲದ ಮೇಲೆ ಪೆಟ್ರೋಲ್. ಆವಿ ತಗ್ಗು ಹುಡುಕಿಕೊಂಡು ಹೋಗುತ್ತೆ, ಅಲ್ಲೇ ಪಕ್ಕದಲ್ಲಿ ಸಂಪು. ಮೋಟರ್ ಸ್ವಿಚ್ಚು ಹಾಕುವಾಗ ಒಳಗೆ ಒಂದು ಸಣ್ಣ ಕಿಡಿ ಹಾರೋದು ಸಹಜ, ಎಲ್ಲ ಸ್ವಿಚ್ಚಿನಲ್ಲೂ ಹಾರುತ್ತೆ. ನಡುವೆ ನನ್ನ ಅಮ್ಮ.

ಸಂಜೆ ಆಫೀಸಿನಿಂದ ಬಂದಾಗ ಅಂಕಲ್ ಬೈಯಲಿಲ್ಲ. "ಬಾಪ್ಪಾ, ಕೂತ್ಕೋ" ಅಂತ ಎಲ್ಲ ಹೇಳಿದರು. ಮೇಲೆ ಹೋದರೆ ಅಮ್ಮ "ನಂದೇ ತಪ್ಪು ಕಣೋ, ನೋಡ್ದೆ ಸುರಿದುಬಿಟ್ಟೆ" ಅಂದಳು. ಬೈದಿದ್ದರೆ ಚೆನ್ನಾಗಿರ್ತಿತ್ತು.

ಸೀಮೆಎಣ್ಣೆಯ ಅಭ್ಯಾಸ

ಅಮ್ಮನದ್ದು ತಪ್ಪಲ್ಲ. ಅವಳ ಕಾಲದ ಅನುಭವ ಅದು. ನ್ಯಾಯಬೆಲೆ ಅಂಗಡಿ ಮುಂದೆ ಕ್ಯೂ ನಿಂತು ಪ್ಲಾಸ್ಟಿಕ್ ಕ್ಯಾನಿನಲ್ಲಿ ಸೀಮೆಎಣ್ಣೆ ತಂದು, ಅಡುಗೆಮನೆ ಮೂಲೆಯಲ್ಲಿ ಇಟ್ಟು, ಪಂಪ್ ಸ್ಟವ್ ಹೊತ್ತಿಸಿ, ಉಳಿದದ್ದರಲ್ಲಿ ಬಣ್ಣದ ಕಲೆ ಒರೆಸಿದ ತಲೆಮಾರು. ಸೀಮೆಎಣ್ಣೆ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳಲ್ಲ. ಕಿಡಿ ತಗುಲಿ ಹೊತ್ತಿಕೊಳ್ಳುವಷ್ಟು ಆವಿ ಏಳಬೇಕಾದರೆ ಅದು 35 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಾಗಬೇಕು. ಪೆಟ್ರೋಲಿಗೆ ಆ ಹಂಗಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರ ಆವಿ ಹೊತ್ತಿಕೊಳ್ಳಬಲ್ಲದು. ನಮ್ಮ ಊರಿನ ಯಾವ ಚಳಿಯೂ ಅದಕ್ಕೆ ಲೆಕ್ಕಕ್ಕಿಲ್ಲ.

ನಾವು ಪೆಟ್ರೋಲನ್ನ ಸೀಮೆಎಣ್ಣೆಯ ಹಾಗೆ ನೋಡ್ತೀವಿ. ತಪ್ಪು ಇರೋದು ಅಲ್ಲೇ. ಅಮ್ಮನಿಗೆ ಆ ಅಭ್ಯಾಸ ಬಂದದ್ದು ಸ್ಟವ್‌ನಿಂದ. ನನಗೆ ಬಂದದ್ದು ಅಮ್ಮನಿಂದ.

ಕಾನೂನು ಈ ವ್ಯತ್ಯಾಸವನ್ನ ತುಂಬ ಹಿಂದೆಯೇ ಬರೆದಿಟ್ಟಿದೆ. ಪೆಟ್ರೋಲಿಯಂ ಕಾಯ್ದೆ 1934ರದ್ದು. ಅದರಲ್ಲಿ ಪೆಟ್ರೋಲ್ 'ಎ' ದರ್ಜೆ, ಸೀಮೆಎಣ್ಣೆ 'ಬಿ' ದರ್ಜೆ. 8ನೇ ಕಲಂ ಪ್ರಕಾರ, ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ 'ಎ' ದರ್ಜೆ ಪೆಟ್ರೋಲಿಯಂ ಇಟ್ಟುಕೊಳ್ಳೋಕೆ, ಸಾಗಿಸೋಕೆ ಲೈಸೆನ್ಸ್ ಬೇಡ. ಆದರೆ ಅದು ಗಾಜು, ಪಿಂಗಾಣಿಯಂಥ ಕಲ್ಲುಮಣ್ಣು ಅಥವಾ ಲೋಹದ, ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿರಬೇಕು. ಗಾಜು, ಕಲ್ಲುಮಣ್ಣಿನದಾದರೆ 1 ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಇಲ್ಲವೇ ಇಲ್ಲ. ಬೈಕಿನಲ್ಲಿ ಗಾಜು ಒಯ್ಯೋದು ಹುಚ್ಚುತನ. ಹಾಗಾಗಿ ನಮಗೆ ಉಳಿಯೋದು ಲೋಹದ ಕ್ಯಾನು ಒಂದೇ. "ಬಾಟ್ಲಿಗೆ ಹಾಕಲ್ಲ ಸಾರ್" ಅಂದ ಬಂಕಿನ ಹುಡುಗ ನಮ್ಮನ್ನ ಸತಾಯಿಸಲಿಲ್ಲ, ಕಾಪಾಡೋಕೆ ನೋಡಿದ. ಅವನ ಮೇಲೆ ಕೋಪ ಮಾಡಿಕೊಂಡದ್ದಕ್ಕೆ ಈಗ ಬೇಜಾರಿದೆ.

ನಿಜವಾಗಿ ಬೇಕಾ?

ಈ ಪ್ರಶ್ನೆಯನ್ನ ಮೊದಲು ಕೇಳ್ಕೊಳ್ಳಿ. ನಮ್ಮ ಮೆಕ್ಯಾನಿಕ್ ಅಣ್ಣ ಒಂದು ಮಾತು ಹೇಳ್ತಾನೆ: "ಬಾಸ್, ಪೆಟ್ರೋಲ್ ಇಡೋಕೆ ಕಂಪನಿಯವ್ರೇ ಒಂದ್ ಡಬ್ಬ ಕೊಟ್ಟವ್ರೆ. ಅದ್ರ ಹೆಸ್ರು ಟ್ಯಾಂಕ್." ಗಾಡಿಯ ಮೇಲೆ ಪೆಟ್ರೋಲ್ ಇಡೋಕೆ ಅದಕ್ಕಿಂತ ಭದ್ರವಾದ ಜಾಗ ಇಲ್ಲ.

ಅಪ್ಪನ ಕಾಲದ ಮಾತು ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿ ಓಡಿಸಿದವರನ್ನ ಕೇಳಿ. ಟ್ಯಾಂಕಿನ ಕೆಳಗೆ ಒಂದು ಕಾಕ್ ಇರ್ತಿತ್ತು. ಗಾಡಿ ಗೊರಗೊರ ಅಂದಾಗ ಕಾಲ ಹತ್ತಿರ ಕೈ ಹಾಕಿ ರಿಸರ್ವ್‌ಗೆ ತಿರುಗಿಸೋದು, ಅದೂ ಮುಗಿದರೆ ಗಾಡಿಯನ್ನ ಒಂದು ಕಡೆ ಬಗ್ಗಿಸಿ ಮೂಲೆಯಲ್ಲಿರೋ ಕೊನೇ ಹನಿ ಇಳಿಸೋದು. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಆ ಆಟ ನಡೆಯಲ್ಲ. ಪಂಪು ಟ್ಯಾಂಕಿನ ಒಳಗೇ ಪೆಟ್ರೋಲಿನಲ್ಲಿ ಮುಳುಗಿರುತ್ತೆ, ಅದನ್ನ ತಣ್ಣಗಿಡೋದೂ ಪೆಟ್ರೋಲೇ. ಪದೇಪದೇ ಟ್ಯಾಂಕು ಒಣಗುವ ತನಕ ಓಡಿಸಿದರೆ ಪಂಪಿಗೆ ಕೇಡು.

ಹಾಗಾಗಿ ನನ್ನ ಲೆಕ್ಕ ಸರಳ. ಟ್ಯಾಂಕಿನ ಮುಕ್ಕಾಲು ಭಾಗ ಮಾತ್ರ ನನ್ನದು, ಉಳಿದ ಕಾಲು ಭಾಗ ದಾರಿಯದು. 13 ಲೀಟರಿನಲ್ಲಿ ಹೆಚ್ಚುಕಡಿಮೆ 10 ಲೀಟರ್, ಲೀಟರಿಗೆ 30 ಅಂದರೆ 300 ಕಿಲೋಮೀಟರ್. ಕರ್ನಾಟಕದಲ್ಲಿ ನಾವು ಮಾಮೂಲಿ ಹೋಗುವ ದಾರಿಗಳಲ್ಲಿ ಅಷ್ಟು ದೂರ ಬಂಕ್ ಇಲ್ಲದ ಜಾಗ ನಾನಂತೂ ನೋಡಿಲ್ಲ. ಅದರ ಬದಲು ಒಂದು ಅಭ್ಯಾಸ ಮಾಡಿಕೊಳ್ಳಿ: ಕಾಡು ಹೊಗುವ ಮುಂಚೆ, ಘಾಟಿ ಇಳಿಯುವ ಮುಂಚೆ ಸಿಗುವ ದೊಡ್ಡ ಊರಿನಲ್ಲಿ ಟ್ಯಾಂಕ್ ತುಂಬಿಸಿ. ಬಂಡೀಪುರಕ್ಕೆ ಗುಂಡ್ಲುಪೇಟೆ, ಶಿರಾಡಿಗೆ ಸಕಲೇಶಪುರ, ಚಾರ್ಮಾಡಿಗೆ ಮೂಡಿಗೆರೆ, ಆಗುಂಬೆಗೆ ತೀರ್ಥಹಳ್ಳಿ, ಕುದುರೆಮುಖದ ದಾರಿಗೆ ಕಳಸ. ಬಂಡೀಪುರದ ಕಾಡಿನಲ್ಲಿ ಗಾಡಿ ನಿಲ್ಲಿಸೋ ಹಾಗೇ ಇಲ್ಲ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಓಡಾಟವೂ ಬಂದ್. ಅಲ್ಲಿ ಪೆಟ್ರೋಲ್ ಮುಗಿದು, ಬಾಟ್ಲಿ ತೆಗೆದು, ಆನೆ ಬರೋದರೊಳಗೆ ಸುರಿತೀನಿ ಅನ್ನೋದು ಪ್ಲ್ಯಾನ್ ಅಲ್ಲ.

ಎಲ್ಲ ಮೀರಿ ಮುಗಿದೇಹೋಯ್ತಾ? ನಿಮ್ಮ ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ ಅಂತ ಹೊರಡುವ ಮುಂಚೆಯೇ ನೋಡಿಟ್ಟುಕೊಳ್ಳಿ. ಎಷ್ಟೋ ಪಾಲಿಸಿಗಳಲ್ಲಿ ಪೆಟ್ರೋಲ್ ತಂದುಕೊಡೋ ಸೌಲಭ್ಯ ಸೇರಿರುತ್ತೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಬಹುದು. ಅದೂ ಇಲ್ಲದಿದ್ದರೆ ಜೊತೆಗಿರೋ ಗಾಡಿಯಲ್ಲಿ ಒಬ್ಬರು ಬಂಕಿಗೆ ಹೋಗಿ ಬಂದರಾಯ್ತು. ಒಂದು ಗಂಟೆ ಹೋಗುತ್ತೆ ಅಷ್ಟೇ.

ಬೇಕೇ ಬೇಕಾದ ಕಡೆ

ಹಾಗಂತ ಯಾವಾಗಲೂ ಬೇಡ ಅಂತ ಹೇಳಲ್ಲ. ಲಡಾಖ್‌ಗೆ ಹೋಗುವವರಿಗೆ ಮನಾಲಿ ದಾಟಿದ ಮೇಲೆ ತಾಂಡಿ ಅನ್ನೋ ಊರು ಗೊತ್ತಿರುತ್ತೆ. ಚಂದ್ರಾ ಮತ್ತು ಭಾಗಾ ನದಿ ಕೂಡುವ ಜಾಗ. ಅಲ್ಲಿನ ಬಂಕಿನ "ಮುಂದಿನ ಬಂಕ್ 365 ಕಿ.ಮೀ." ಅನ್ನೋ ಬೋರ್ಡು ಬೈಕ್ ಸವಾರರ ನಡುವೆ ಬಹಳ ವರ್ಷದಿಂದ ಪ್ರಸಿದ್ಧ. ಅಲ್ಲಿ ನಮ್ಮ ಲೆಕ್ಕ ನಡೆಯಲ್ಲ. ಎತ್ತರದ ಕಣಿವೆದಾರಿ, ಲಗೇಜು, ಕಡಿಮೆ ಗೇರು. ಲೀಟರಿಗೆ 25 ಬಂದರೂ 13 ಲೀಟರಿಗೆ 325 ಕಿಲೋಮೀಟರ್. ಅಂಥ ಕಡೆ 5 ಲೀಟರ್ ಹೆಚ್ಚುವರಿ ಇಟ್ಟುಕೊಳ್ಳೋದು ಜಾಣತನ. ಹೊರಡುವ ಮುಂಚೆ ದಾರಿಯಲ್ಲಿ ಈಗ ಎಲ್ಲೆಲ್ಲಿ ಬಂಕ್ ಇದೆ ಅಂತ ವಿಚಾರಿಸಿ, ಆಮೇಲೆ ಕ್ಯಾನ್ ಕೊಳ್ಳಿ.

ಕ್ಯಾನ್ ಅಂದಮೇಲೆ ಅದರ ರೀತಿಯೂ ಗೊತ್ತಿರಲಿ. ಜೆರ್ರಿ ಕ್ಯಾನ್ ಅನ್ನೋ ಹೆಸರು ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಜರ್ಮನ್ ಸೈನ್ಯದ ಆ ಲೋಹದ ಕ್ಯಾನು ಎಷ್ಟು ಚೆನ್ನಾಗಿತ್ತು ಅಂದ್ರೆ ಬ್ರಿಟಿಷರೂ ಅದನ್ನೇ ನಕಲು ಮಾಡಿದರು. 'ಜೆರ್ರಿ' ಅನ್ನೋದು ಜರ್ಮನರಿಗೆ ಅವರಿಟ್ಟ ಅಡ್ಡಹೆಸರು. 20 ಲೀಟರ್ ತುಂಬಿಸಿದ ಮೇಲೂ ಅದರೊಳಗೆ ಗಾಳಿಗೆ ಅಂತ ಜಾಗ ಉಳಿಯುತ್ತೆ. ನಮ್ಮ ಕೂಲ್‌ಡ್ರಿಂಕ್ಸ್ ಬಾಟ್ಲಿಯಲ್ಲಿ ಇರದಿದ್ದದ್ದು ಅದೇ.

ಪೆಟ್ರೋಲಿಗೇ ಮಾಡಿದ, ಒಳಗೆ ರಬ್ಬರ್ ವಾಷರ್ ಇರುವ ಲೋಹದ ಕ್ಯಾನು ತಗೊಳ್ಳಿ. ಮೊದಲು ನೀರು ತುಂಬಿಸಿ ತಲೆಕೆಳಗೆ ಮಾಡಿ ಒಂದು ರಾತ್ರಿ ಇಟ್ಟು ನೋಡಿ, ಸೋರದಿದ್ದರೆ ಚೆನ್ನಾಗಿ ಒಣಗಿಸಿ ಬಳಸಿ. ಬಂಕಿನಲ್ಲಿ ತುಂಬಿಸುವಾಗ ಕ್ಯಾನನ್ನ ಗಾಡಿಯಿಂದ ಇಳಿಸಿ ನೆಲದ ಮೇಲೆ ಇಡಿ. ಸೀಟಿನ ಮೇಲೋ ಬ್ಯಾಗಿನೊಳಗೋ ಇಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ತು ನೆಲಕ್ಕೆ ಇಳಿಯೋಕೆ ದಾರಿ ಇರಲ್ಲ, ಒಂದು ಕಿಡಿ ಸಾಕು. ನಾಝಲ್ ಕ್ಯಾನಿನ ಬಾಯಿಗೆ ತಾಗಿರಲಿ, ನಿಧಾನಕ್ಕೆ ತುಂಬಿಸಿ. 5 ಲೀಟರ್ ಕ್ಯಾನಿಗೆ ನಾಲ್ಕೂವರೆ ಲೀಟರ್ ಸಾಕು.

ಕಟ್ಟೋದು ಎಲ್ಲಿ? ಸೈಲೆನ್ಸರ್ ಇಲ್ಲದ ಕಡೆ, ಆದಷ್ಟು ಕೆಳಗೆ, ಗಟ್ಟಿ ಫ್ರೇಮಿಗೆ, ಎರಡು ಬೆಲ್ಟು ಹಾಕಿ, ಬಾಯಿ ಮೇಲಕ್ಕಿರೋ ಹಾಗೆ. ಲೆಗ್ ಗಾರ್ಡಿಗೆ ಕಟ್ಟಿದ ಕ್ಯಾನು ನೋಡೋಕೆ ಚೆಂದ, ಆದರೆ ಗಾಡಿ ಬಿದ್ದಾಗ ಮೊದಲು ನೆಲಕ್ಕೆ ತಗುಲೋದು ಅದೇ. ಬೆನ್ನ ಮೇಲಿನ ಬ್ಯಾಗಿನಲ್ಲಿ ಯಾವತ್ತೂ ಬೇಡ. ಬಿದ್ದರೆ ಪೆಟ್ರೋಲ್ ಹೊದ್ದುಕೊಂಡು ಬಿದ್ದ ಹಾಗೆ.

ಟ್ಯಾಂಕಿನಲ್ಲಿ ಐದು ಲೀಟರಿಗೆ ಜಾಗ ಆದ ಕೂಡಲೇ ಕ್ಯಾನ್ ಖಾಲಿ ಮಾಡಿ. ಕೊನೇ ತನಕ ಹೊತ್ತುಕೊಂಡು ಹೋಗೋದರಿಂದ ಏನೂ ಲಾಭ ಇಲ್ಲ. ಇಂಜಿನ್ ಆಫ್ ಮಾಡಿ ಹತ್ತು ಹದಿನೈದು ನಿಮಿಷ ಆರಲಿ, ಆಮೇಲೆ ಸುರಿಯಿರಿ. ಎತ್ತರದಲ್ಲಿ ಇನ್ನೂ ಹುಷಾರು. 5,328 ಮೀಟರ್ ಎತ್ತರದ ತಂಗ್‌ಲಾಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಕೆಳಗೆ ಮುಚ್ಚಿದ ಕ್ಯಾನನ್ನ ಅಲ್ಲಿ ಗಬಕ್ಕನೆ ತೆಗೆದರೆ ಮುಖಕ್ಕೇ ಚಿಮ್ಮುತ್ತೆ. ಮುಖ ಪಕ್ಕಕ್ಕೆ ತಿರುಗಿಸಿ, ಮುಚ್ಚಳವನ್ನ ಸ್ವಲ್ಪವೇ ಸಡಿಲಿಸಿ, ಉಸ್ ಅನ್ನೋದು ನಿಲ್ಲಲಿ.

ಬಟ್ಟೆ ಮೇಲೆ ಚೆಲ್ಲಿದರೆ ತಕ್ಷಣ ಆ ಬಟ್ಟೆ ಬಿಚ್ಚಿ, ಚರ್ಮವನ್ನ ಸೋಪು ನೀರಲ್ಲಿ ತೊಳೀರಿ. ನಾನು ಸಂಕೋಚಪಟ್ಟು ಅದೇ ಪ್ಯಾಂಟಿನಲ್ಲಿ ಹಾಸನದ ತನಕ ಹೋದೆ, ತೊಡೆ ಮೇಲೆ ಬಂದ ಗುಳ್ಳೆ ವಾಸಿಯಾಗೋಕೆ ಒಂದು ವಾರ ಬೇಕಾಯ್ತು. ಬಾಯಿಂದ ಪೈಪ್ ಎಳೆಯೋದು ಬೇಡವೇ ಬೇಡ. ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಥರದ ಉರಿಯೂತ ಆಗುತ್ತೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಬೆಂಕಿ ಹತ್ತಿಕೊಂಡರೆ ನೀರು ಎರಚಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನೂ ಕರೆದುಕೊಂಡು ಹೋಗುತ್ತೆ. ಮಣ್ಣು, ಇಲ್ಲಾಂದ್ರೆ ಡ್ರೈ ಪೌಡರ್ ಎಕ್ಸ್‌ಟಿಂಗ್ವಿಶರ್.

ಗಾಡಿಯನ್ನ ರೈಲಿನಲ್ಲಿ ಕಳಿಸುವವರು ಟ್ಯಾಂಕು ಪೂರ್ತಿ ಖಾಲಿ ಮಾಡಿಸಿ ಕೊಡಬೇಕು. ಕ್ಯಾನಿನಲ್ಲಿ ಪೆಟ್ರೋಲ್ ಇಟ್ಟುಕೊಂಡು ರೈಲು ಹತ್ತೋದು ಅಪರಾಧ. ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಆಗಬಹುದು.

ಉಳಿದದ್ದನ್ನ ಏನು ಮಾಡೋದು?

ಮನೆಗೆ ತರಬೇಡಿ, ಅಷ್ಟೇ. ಊರಿನ ಹತ್ತಿರ ಬಂದಾಗ ಟ್ಯಾಂಕಿಗೆ ಸುರಿದುಬಿಡಿ. ಕೂಡಿಟ್ಟು ಪ್ರಯೋಜನವೂ ಇಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಸಮಾರಂಭದಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆ ಆಯ್ತು ನೆನಪಿದೆಯಾ? ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಸಡಿಲ ಮುಚ್ಚಳದ ಬಾಟ್ಲಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಗಾಡಿಗೂ ಒಳ್ಳೇದಲ್ಲ. ಹಳೇದಾಗಿದ್ದರೆ, ಕೊಳೆಯಾಗಿದ್ದರೆ ಗ್ಯಾರೇಜಿಗೆ ಕೊಡಿ. ಚರಂಡಿಗೆ, ಟಾಯ್ಲೆಟ್ಟಿಗೆ ಸುರಿಯಬೇಡಿ, ಆವಿ ಪೈಪಿನೊಳಗೇ ಇರುತ್ತೆ. ಖಾಲಿ ಕ್ಯಾನಿನಲ್ಲೂ ಆವಿ ಇರುತ್ತೆ. ಮುಚ್ಚಳ ತೆಗೆದು ಬಯಲಿನಲ್ಲಿ ಗಾಳಿಗೆ ಬಿಡಿ, ಆಮೇಲೆ ಒಳಗೆ ತನ್ನಿ.

ಆ ವರ್ಷದ ಆಯುಧಪೂಜೆ ದಿನ ಅಮ್ಮ ಎಂದಿನ ಹಾಗೆ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಕರ್ಪೂರದಾರತಿ ತಟ್ಟೆ ಕೈಗೆ ತಗೊಂಡವಳು ಒಂದು ಕ್ಷಣ ನಿಂತು ನನ್ನ ಮುಖ ನೋಡಿದಳು. ನಾನು ಸೈಡ್ ಬ್ಯಾಗು ಎರಡನ್ನೂ ತೆಗೆದು ತೋರಿಸಿದೆ. ಖಾಲಿ. ಗಾಡಿಯನ್ನ ರಸ್ತೆಗೆ ತಳ್ಳಿ ನಿಲ್ಲಿಸಿದೆ. ಆಮೇಲೆ ಆರತಿ ಆಯ್ತು, ಸ್ವಲ್ಪ ದೂರದಿಂದಲೇ.

ಈಗ ನನ್ನ ಲಗೇಜು ಒಂದೂವರೆ ಕಿಲೋ ಹಗುರ. ಎರಡು ಲೀಟರ್ ಪೆಟ್ರೋಲಿನ ತೂಕ ಅಷ್ಟೇ. ಹೋದ ತಿಂಗಳು ಮತ್ತೆ ಕಳಸಕ್ಕೆ ಹೋಗಿದ್ದೆವು. ಚನ್ನರಾಯಪಟ್ಟಣದ ಹತ್ತಿರ ಅದೇ ಅಂಗಡಿಯಲ್ಲಿ ಟೀ ಕುಡಿದೆವು. ಅಂಗಡಿಯ ಅಮ್ಮನಿಗೆ ನಮ್ಮ ಗುರುತು ಸಿಗಲಿಲ್ಲ. ನಾವೂ ನೆನಪಿಸಲಿಲ್ಲ, ಮರ್ಯಾದೆ ಪ್ರಶ್ನೆ.

ನಿಮ್ಮದೊಂದು ಕೆಲಸ ಬಾಕಿ ಇದೆ. ಇದನ್ನ ಓದಿ ಮುಗಿಸಿದ ಮೇಲೆ ಫೋನ್ ಜೇಬಿಗೆ ಹಾಕಿ, ಕೆಳಗೆ ಇಳಿದು ಹೋಗಿ, ನಿಮ್ಮ ಮನೆಯ ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಒಂದು ಸಲ ನೋಡಿ ಬನ್ನಿ. ಅಲ್ಲೇನಾದರೂ ಬಾಟ್ಲಿ ಇದ್ದರೆ, ನಾಳೆ ಅಂತ ಬಿಡಬೇಡಿ.